ಉಸಿರಿನ ದಾರಿಯಲ್ಲಿ ಡಂಗುರ

ಅಕ್ಟೋಬರ್ ಹಿಡಿದು ಜನವರಿ ಕಳೆಯುವವರೆಗೆ ಮಕ್ತಲ್, ಮಾಗನೂರು, ಕೃಷ್ಣ ಮಂಡಲಗಳ ಹೊಲಗಳಲ್ಲಿ ಧೂಳಿನದೇ ಕಾರುಬಾರು. ಹತ್ತಿ ಬಿಡಿಸುವುದು, ಭತ್ತದ ರಾಶಿ ಮಾಡುವುದು, ತೊಗರಿ ಬಡಿಯುವುದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಒಂದೇ ಕಣದಲ್ಲಿ ಹತ್ತು ಮಂದಿ ದಿನವಿಡೀ ಅದೇ ಧೂಳು ಕುಡಿಯುತ್ತಾರೆ. ಬಹಳಷ್ಟು ಮಂದಿ ಸೀನಿ, ಮುಖ ತೊಳೆದು, ಉಂಡು ಮಲಗುತ್ತಾರೆ. ಅವರಲ್ಲೊಬ್ಬರಿಗೆ ಮಾತ್ರ ನಡುರಾತ್ರಿ ಎದೆ ಬಿಗಿಯುತ್ತದೆ, ಉಸಿರು ಸಿಳ್ಳೆ ಹಾಕುತ್ತದೆ, ಗೋಡೆಗೆ ಆನಿಕೊಂಡು ಕೂತು ಬೆಳಗು ಮಾಡಬೇಕಾಗುತ್ತದೆ. ಧೂಳು ಹಗಲಿನದು, ದಮ್ಮು ರಾತ್ರಿಯದು. ಧೂಳು ಎಲ್ಲರದು, ದಮ್ಮು ಒಬ್ಬರದು. ಹೀಗೇಕೆ?

ಉತ್ತರದ ಅರ್ಧ ಭಾಗ ಮಾತ್ರ ಧೂಳಿನಲ್ಲಿದೆ. ಉಳಿದರ್ಧ ಇರುವುದು ನಮ್ಮದೇ ಗಾಳಿನಾಳದ ಜೀವಕೋಶಗಳು ಹೊರಚೆಲ್ಲುವ ಕೆಲವು ಪುಟ್ಟ ಪ್ರೋಟೀನುಗಳಲ್ಲಿ. ಅವುಗಳನ್ನು ಅಳೆಯುವುದು ಪಿಕೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಅಲ್ಪವಾದದ್ದು ಒಬ್ಬ ಗಟ್ಟಿಮುಟ್ಟಾದ ರೈತನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಬಲ್ಲದು. ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನ ಈ ಪ್ರೋಟೀನುಗಳ ಹೆಸರು, ಹುಟ್ಟು, ನಡೆ ಮೂರನ್ನೂ ಗುರುತಿಸಿದೆ. ಆ ತಿಳಿವಳಿಕೆಯಿಂದ ಆಸ್ಪತ್ರೆಗಳ ಚಿಕಿತ್ಸೆ ಬದಲಾಗಿದೆ. ಆದರೆ ಯಾರ ಎದೆಯಲ್ಲಿ ಇದೆಲ್ಲ ನಡೆಯುತ್ತಿದೆಯೋ ಅವರಿಗೆ ಅದು ಅವರ ಮಾತಿನಲ್ಲಿ ತಲುಪಿಲ್ಲ.

ತೆಲಂಗಾಣ-ಕರ್ನಾಟಕದ ಈ ಗಡಿಸೀಮೆಯಲ್ಲಿ ಆ ಕೊರತೆ ಇನ್ನೂ ಹೆಚ್ಚು. ಗದ್ವಾಲ, ಆಲಂಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆಮೇಲೆ ಮಹಬೂಬನಗರಕ್ಕೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಮಕ್ತಲ್, ಕೃಷ್ಣ ಕಡೆಯಿಂದ ಕೃಷ್ಣಾ ನದಿಯ ಸೇತುವೆ ದಾಟಿದರೆ ರಾಯಚೂರು. ದವಾಖಾನೆ, ಸಂತೆ, ನೆಂಟಸ್ತಿಕೆ ಬಹುಪಾಲು ಆ ಕಡೆಗೇ. ಹಲವರ ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ವೈದ್ಯರ ಚೀಟಿ ಇಂಗ್ಲಿಷ್. ಮೂರು ಭಾಷೆಗಳ ನಡುವೆ ರೋಗಿಗೆ ಉಳಿಯುವುದು ಎರಡೇ ಮಾತು: ‘ದಮ್ಮು ಐತಿ’, ‘ಪಂಪ್ ಹೊಡ್ಕೋ’. ಆ ಎರಡು ಮಾತುಗಳ ನಡುವೆ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಕೆಲಸ.

ಮೊದಲ ಸುದ್ದಿ ಹೊರಡುವುದು ಗೋಡೆಯಿಂದ

ಮೂಗಿನಿಂದ ಶ್ವಾಸಕೋಶದ ಆಳದವರೆಗೆ ಗಾಳಿನಾಳದ ಒಳಮೈಗೆ ಜೀವಕೋಶಗಳ ಒಂದು ತೆಳುವಾದ ಹಾಸು ಇದೆ. ಕೆಲವು ಕೋಶಗಳಿಗೆ ರೋಮಗಳಿವೆ. ಅವು ಎಡೆಬಿಡದೆ ಬಡಿಯುತ್ತ ಕಫವನ್ನು ಮೇಲಕ್ಕೆ ದಾಟಿಸುತ್ತವೆ. ಕೆಲವು ಕೋಶಗಳ ಕೆಲಸವೇ ಆ ಕಫವನ್ನು ತಯಾರಿಸುವುದು. ಕೋಶ ಕೋಶಗಳ ನಡುವೆ ಬಿಗಿಯಾದ ಪ್ರೋಟೀನಿನ ಬೆಸುಗೆ. ಇದೊಂದು ಬರೀ ಗೋಡೆ ಎಂದೇ ವೈದ್ಯಶಾಸ್ತ್ರ ಬಹುಕಾಲ ತಿಳಿದಿತ್ತು. ಈಗ ಗೊತ್ತಾಗಿರುವುದು ಬೇರೆ: ಗಾಳಿನಾಳದ ಉರಿಯೂತದಲ್ಲಿ ಮೊದಲ ಮಾತು ಆಡುವುದೇ ಈ ಗೋಡೆ.

ಧೂಳು ಎಂದರೆ ಮಣ್ಣಷ್ಟೇ ಅಲ್ಲ. ಅದರಲ್ಲಿ ಬೂಷ್ಟಿನ ಬೀಜಕಗಳಿವೆ, ಒಣಗಿದ ಎಲೆಯ ಚೂರುಗಳಿವೆ, ಬ್ಯಾಕ್ಟೀರಿಯಾದ ತುಣುಕುಗಳಿವೆ, ಪರಾಗವಿದೆ. ಹತ್ತಿ ಎಲೆಯ ಮೇಲೆ ಕಂದು ಚುಕ್ಕೆ ರೋಗ ತರುವ ಆಲ್ಟರ್ನೇರಿಯಾ ಎಂಬ ಶಿಲೀಂಧ್ರ ಹತ್ತಿ ಬೆಳೆಯುವವರಿಗೆ ಹೊಸದಲ್ಲ. ಅದೇ ಆಲ್ಟರ್ನೇರಿಯಾ ಜಗತ್ತಿನ ಹಲವೆಡೆ ತೀವ್ರ ಅಸ್ತಮಾದ ಜೊತೆ ಗುರುತಾಗಿದೆ. ಅದರ ಬೀಜಕಗಳು ಪ್ರೋಟಿಯೇಸ್ ಎಂಬ, ಪ್ರೋಟೀನನ್ನೇ ಕತ್ತರಿಸುವ ಕಿಣ್ವಗಳನ್ನು ಹೊತ್ತಿರುತ್ತವೆ. ಕೌದಿ, ದಿಂಬುಗಳಲ್ಲಿ ಬದುಕುವ ಧೂಳುನುಸಿಯ ಹಿಕ್ಕೆಯಲ್ಲೂ ಇಂಥದೇ ಕಿಣ್ವವಿದೆ. ಅದು ಕೋಶಗಳ ನಡುವಿನ ಬೆಸುಗೆಯನ್ನೇ ಬಿಚ್ಚುತ್ತದೆ ಎಂದು 1999ರಲ್ಲಿ ತೋರಿಸಲಾಯಿತು. ಬೆಸುಗೆ ಬಿಚ್ಚಿತೆಂದರೆ ಒಳಗಿನ ಅಂಗಾಂಶ ಹೊರಗಿನ ಗಾಳಿಗೆ ತೆರೆದುಕೊಂಡಂತೆ.

ಆಗ ಪೆಟ್ಟು ತಿಂದ ಕೋಶ ಮೂರು ಪ್ರೋಟೀನುಗಳನ್ನು ಹೊರಬಿಡುತ್ತದೆ. ಹೆಸರು ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33. ಅಪಾಯ ಸಾರುವುದರಿಂದ ಮೂರಕ್ಕೂ ಸೇರಿ ಅಲಾರ್ಮಿನ್‌ಗಳೆಂಬ ಹೆಸರು. ಟಿಎಸ್‌ಎಲ್‌ಪಿ ಪತ್ತೆಯಾದದ್ದು 1994ರಲ್ಲಿ, ಐಎಲ್-25 2001ರಲ್ಲಿ, ಐಎಲ್-33 2005ರಲ್ಲಿ. ಇವುಗಳಲ್ಲಿ ಐಎಲ್-33ರ ಬಗೆಯೇ ಬೇರೆ. ಅದು ಮೊದಲೇ ತಯಾರಾಗಿ ಕೋಶದ ನ್ಯೂಕ್ಲಿಯಸ್ಸಿನಲ್ಲಿ ಕೂತಿರುತ್ತದೆ. ಕೋಶ ಒಡೆದರೆ ಅಥವಾ ಗಾಯಗೊಂಡರೆ ಆಚೆ ಬರುತ್ತದೆ. ಆಲ್ಟರ್ನೇರಿಯಾ, ಧೂಳುನುಸಿಗಳ ಕಿಣ್ವಗಳು ಹೊರಬಂದ ಐಎಲ್-33ನ್ನು ಕತ್ತರಿಸಿ ಇನ್ನಷ್ಟು ಚುರುಕು ಮಾಡುತ್ತವೆ ಎಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆ. ಹೊರಗಿನ ಶಿಲೀಂಧ್ರದ ಕಿಣ್ವ ನಮ್ಮ ಪ್ರೋಟೀನನ್ನೇ ನಮ್ಮ ಮೇಲೆ ಹರಿತ ಮಾಡುತ್ತದೆ.

ಈ ಪ್ರೋಟೀನುಗಳು ತಾವಾಗಿ ಯಾವುದನ್ನೂ ಸುಡುವುದಿಲ್ಲ, ಕೊಲ್ಲುವುದಿಲ್ಲ. ಅವುಗಳ ಕೆಲಸ ಊರಲ್ಲಿ ಡಂಗುರ ಸಾರುವವನ ಕೆಲಸ. ಡಂಗುರದ ಸದ್ದು ಎಲ್ಲ ಮನೆಗೂ ಕೇಳುತ್ತದೆ, ಎದ್ದು ಹೊರಡುವವರು ಮಾತ್ರ ಆ ಸುದ್ದಿ ಯಾರಿಗೆ ಸಂಬಂಧಿಸಿದೆಯೋ ಅವರು. ಹಾಗೆಯೇ, ಐಎಲ್-33 ಸುತ್ತಲೂ ಹರಡುತ್ತದೆ. ಆದರೆ ಮೈಮೇಲೆ ಎಸ್‌ಟಿ2 ಎಂಬ ಗ್ರಾಹಕ ಪ್ರೋಟೀನು ಇರುವ ಕೋಶಕ್ಕೆ ಮಾತ್ರ ಅದು ಅಂಟಿಕೊಳ್ಳುತ್ತದೆ. ಅಂಟಿಕೊಂಡೊಡನೆ ಆ ಕೋಶದೊಳಗೆ ಒಂದು ಸರಣಿ ಶುರುವಾಗಿ ಎನ್‌ಎಫ್-ಕಪ್ಪಾ ಬಿ ಎಂಬ ಪ್ರೋಟೀನು ನ್ಯೂಕ್ಲಿಯಸ್ಸಿಗೆ ಹೋಗುತ್ತದೆ, ಅಲ್ಲಿ ಮಲಗಿದ್ದ ಜೀನುಗಳನ್ನು ಎಬ್ಬಿಸುತ್ತದೆ. ಎದ್ದ ಕೋಶ ತಾನೂ ಹೊಸ ಪ್ರೋಟೀನುಗಳನ್ನು ಹೊರಬಿಡಲಾರಂಭಿಸುತ್ತದೆ. ಕೋಶ ಕೋಶಗಳ ನಡುವೆ ಸುದ್ದಿ ಸಾಗಿಸುವ ಈ ಬಗೆಯ ಪ್ರೋಟೀನುಗಳಿಗೆಲ್ಲ ಸೈಟೊಕೈನ್ ಎಂದು ಹೆಸರು.

ಸುದ್ದಿ ಕೇಳಿ ಏಳುವವರು

ಮೊದಲು ಏಳುವ ಕೋಶಗಳಲ್ಲಿ ಒಂದಕ್ಕೆ ಐಎಲ್‌ಸಿ2 ಎಂದು ಹೆಸರು. 2010ರಲ್ಲಿ ಜಪಾನ್, ಬ್ರಿಟನ್, ಅಮೆರಿಕದ ಮೂರು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ವಿವರಿಸಿದವು. ಅಲ್ಲಿಯವರೆಗೆ ಅಲರ್ಜಿಯ ಕಥೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೇ ಮುಖ್ಯ ಪಾತ್ರ. ಒಂದು ಪರಾಗವನ್ನೋ ನುಸಿಯನ್ನೋ ಮೊದಲೇ ಕಂಡು ನೆನಪಿಟ್ಟುಕೊಂಡ ಟಿ ಕೋಶ ಮಾತ್ರ ಮತ್ತೆ ಪ್ರತಿಕ್ರಿಯಿಸುತ್ತದೆ ಎಂಬ ತಿಳಿವಳಿಕೆ ಇತ್ತು. ಐಎಲ್‌ಸಿ2ಗೆ ಅಂಥ ನೆನಪು ಬೇಕಿಲ್ಲ. ಯಾವ ಧೂಳು ಎಂದು ಅದು ಕೇಳುವುದಿಲ್ಲ. ಅಲಾರ್ಮಿನ್ ಬಂತೆಂದರೆ ಸಾಕು. ಸಂಖ್ಯೆಯಲ್ಲಿ ತೀರ ಕಡಿಮೆಯಿದ್ದರೂ ಎಚ್ಚರಗೊಂಡ ಐಎಲ್‌ಸಿ2 ಎರಡು ಪ್ರೋಟೀನುಗಳನ್ನು ಧಾರಾಳವಾಗಿ ಸ್ರವಿಸುತ್ತದೆ: ಐಎಲ್-5 ಮತ್ತು ಐಎಲ್-13. ಅಲರ್ಜಿ ಇರುವವರಲ್ಲಿ ಟಿ ಕೋಶಗಳೂ ಜೊತೆಗೂಡಿ ಐಎಲ್-4ನ್ನು ಸೇರಿಸುತ್ತವೆ.

ದಮ್ಮಿನ ಒಂದೊಂದು ಲಕ್ಷಣವನ್ನೂ ಈ ಮೂರು ಹೆಸರುಗಳಿಗೆ ಜೋಡಿಸಿ ನೋಡಬಹುದು. ಐಎಲ್-13 ಗಾಳಿನಾಳದ ಒಳಪದರಕ್ಕೆ ಕಫ ಹೆಚ್ಚಿಸಲು ಹೇಳುತ್ತದೆ. ಮಾಮೂಲಿಗಿಂತ ಅಂಟಾದ, ಗೋಡೆಗೆ ಕಚ್ಚಿಕೊಳ್ಳುವ ಕಫ ಅದು. ದಮ್ಮು ಬಂದವರು ಎಷ್ಟು ಕೆಮ್ಮಿದರೂ ಒಂದಿಷ್ಟು ಬಿಳಿ ಎಳೆ ಮಾತ್ರ ಬರುವುದು ಇದರಿಂದ. ಅದೇ ಐಎಲ್-13 ನಾಳದ ಸುತ್ತಲಿನ ಸ್ನಾಯುವನ್ನು ಸೂಕ್ಷ್ಮಗೊಳಿಸುತ್ತದೆ. ಊದುಬತ್ತಿಯ ಹೊಗೆ, ತಣ್ಣನೆ ಗಾಳಿ, ಜೋರು ನಗು ಸಹ ಸಾಕಾಗುತ್ತದೆ ಅದು ಸೆಟೆದುಕೊಳ್ಳಲು. ಐಎಲ್-4 ಬಿ ಕೋಶಗಳಿಗೆ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಲು ಸೂಚಿಸುತ್ತದೆ. ಐಜಿಇ ಹೋಗಿ ಮಾಸ್ಟ್ ಕೋಶಗಳ ಮೈಗೆ ಅಂಟಿ ಕೂರುತ್ತದೆ. ಮುಂದೆ ಅದೇ ಪರಾಗವೋ ನುಸಿಯೋ ಬಂದರೆ ಮಾಸ್ಟ್ ಕೋಶ ನಿಮಿಷಗಳಲ್ಲಿ ಹಿಸ್ಟಮಿನ್ ಸುರಿಸುತ್ತದೆ. ಸೀನು, ಮೂಗು ಸೋರುವುದು, ಕ್ಷಣದಲ್ಲೇ ಎದೆ ಬಿಗಿಯುವುದು ಈ ಹಾದಿಯಲ್ಲಿ.

ಐಎಲ್-5 ಮಾತನಾಡುವುದು ದೂರದ ಮೂಳೆಮಜ್ಜೆಯೊಂದಿಗೆ. ಅಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚು ಹುಟ್ಟುತ್ತವೆ. ಇಯೊಸಿನ್ ಎಂಬ ಕೆಂಪು ಬಣ್ಣ ಹೀರಿಕೊಳ್ಳುವ ಇವಕ್ಕೆ ಪಾಲ್ ಎರ್ಲಿಕ್ 1879ರಲ್ಲೇ ಹೆಸರಿಟ್ಟಿದ್ದರು. ರಕ್ತದಲ್ಲಿ ಬಂದ ಇವನ್ನು ಗಾಳಿನಾಳಕ್ಕೆ ಕರೆಯುವುದು ಇಯೊಟಾಕ್ಸಿನ್ ಎಂಬ ಇನ್ನೊಂದು ಸ್ರಾವ ಪ್ರೋಟೀನು. ಬಂದ ಇಯೊಸಿನೊಫಿಲ್ ತನ್ನ ಕಣಗಳಲ್ಲಿರುವ ವಿಷಪ್ರೋಟೀನುಗಳನ್ನು ಚೆಲ್ಲುತ್ತದೆ, ಗೋಡೆಯ ಕೋಶಗಳು ಉದುರುತ್ತವೆ. ಉದುರಿದ ಕೋಶಗಳಿಂದ ಮತ್ತೆ ಅಲಾರ್ಮಿನ್. ಮತ್ತೆ ಐಎಲ್‌ಸಿ2, ಮತ್ತೆ ಐಎಲ್-5. ರಾಶಿ ಮುಗಿದು, ಧೂಳು ಅಡಗಿದ ಮೇಲೂ ವಾರಗಟ್ಟಲೆ ದಮ್ಮು ಬಿಡದಿರುವುದು ಏಕೆಂಬುದಕ್ಕೆ ಉತ್ತರ ಈ ಸುತ್ತಿನಲ್ಲಿದೆ. ಅಸ್ತಮಾ ರೋಗಿಗಳ ಕಫದಲ್ಲಿ ಸಿಗುವ ಚೂಪಾದ ಶಾರ್ಕೊ-ಲೈಡನ್ ಹರಳುಗಳನ್ನು ವೈದ್ಯರು ಹತ್ತೊಂಬತ್ತನೇ ಶತಮಾನದಿಂದ ನೋಡುತ್ತ ಬಂದಿದ್ದರು. ಅವು ಇಯೊಸಿನೊಫಿಲ್‌ನ ಗ್ಯಾಲೆಕ್ಟಿನ್-10 ಪ್ರೋಟೀನು ಹರಳುಗಟ್ಟಿದ್ದು. ಅವು ರೋಗದ ಗುರುತು ಮಾತ್ರವಲ್ಲ, ಉರಿಯೂತವನ್ನು ತಾವೇ ಹೆಚ್ಚಿಸುತ್ತವೆ ಎಂದು 2019ರಲ್ಲಿ ಬೆಲ್ಜಿಯಂನ ಸಂಶೋಧಕರು ತೋರಿಸಿದರು.

ರಾತ್ರಿಯ ದಮ್ಮಿನ ಗುಟ್ಟೂ ಇಲ್ಲೇ ಇದೆ. ಮಾಸ್ಟ್ ಕೋಶದ ಹಿಸ್ಟಮಿನ್ ನಿಮಿಷಗಳ ಕೆಲಸ; ಒಂದೆರಡು ಗಂಟೆಗಳಲ್ಲಿ ಅದು ತಣ್ಣಗಾಗುತ್ತದೆ. ಸೈಟೊಕೈನ್‌ಗಳಿಗೆ ಕೋಶಗಳನ್ನು ಎಬ್ಬಿಸಿ, ಹೊಸ ಪ್ರೋಟೀನು ತಯಾರಿಸಿ, ರಕ್ತದಿಂದ ಹೊಸ ಕೋಶಗಳನ್ನು ಕರೆಸಲು ಹೊತ್ತು ಬೇಕು. ಆ ಎರಡನೇ ಅಲೆ ಮೂರು ನಾಲ್ಕು ಗಂಟೆಗಳ ನಂತರ ಮೇಲೆದ್ದು ಹಲವು ಗಂಟೆ ನಿಲ್ಲುತ್ತದೆ. ಅದರ ಜೊತೆಗೆ ಉರಿಯೂತ ತಗ್ಗಿಸುವ ದೇಹದ ಸ್ವಂತ ಸ್ಟೀರಾಯ್ಡ್ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ಕನಿಷ್ಠ ಮಟ್ಟದಲ್ಲಿರುತ್ತದೆ. ಹಗಲಿನ ಧೂಳು ರಾತ್ರಿ ಮಾತಾಡುವುದು ಹೀಗೆ.

ಹುಳುಗಳಿಗಾಗಿ ಇದ್ದ ಏರ್ಪಾಡು

ದೇಹ ತನಗೇ ಕೇಡು ಮಾಡುವ ಇಂಥ ವ್ಯವಸ್ಥೆಯನ್ನು ಏಕೆ ಇಟ್ಟುಕೊಂಡಿದೆ? ಹುಳುಗಳಿಗಾಗಿ. ಕರುಳಿನ ಕೊಕ್ಕೆಹುಳು, ದುಂಡುಹುಳುಗಳನ್ನು ಬಿಳಿ ರಕ್ತಕಣಗಳು ನುಂಗಲಾರವು. ಅವನ್ನು ಲೋಳೆಯಲ್ಲಿ ಸುತ್ತಿ, ಸ್ನಾಯು ಹಿಂಡಿ, ಇಯೊಸಿನೊಫಿಲ್‌ನಿಂದ ಸುಟ್ಟು ಹೊರತಳ್ಳಬೇಕು. ಐಎಲ್-4, 5, 13ರ ಏರ್ಪಾಡು ಅದಕ್ಕೇ ಹೇಳಿಮಾಡಿಸಿದ್ದು. ಅದೇ ಏರ್ಪಾಡು ಗಾಳಿನಾಳದಲ್ಲಿ ಹುಳುವಿಲ್ಲದೆ ಎದ್ದರೆ ಅದೇ ಲೋಳೆ, ಅದೇ ಸೆಟೆತ ಅಸ್ತಮಾ ಆಗುತ್ತದೆ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ಪ್ರಾಯೋಗಿಕ ಅರ್ಥವಿದೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳು ಆನೆಕಾಲು ರೋಗದ ಪ್ರದೇಶಗಳೆಂದು ಗುರುತಾಗಿವೆ. ಆ ಫೈಲೇರಿಯಾ ಹುಳುವಿನ ಮರಿಗಳಿಗೆ ಕೆಲವರ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ರಾತ್ರಿ ಕೆಮ್ಮು, ಸಿಳ್ಳೆ ಉಸಿರು, ರಕ್ತದಲ್ಲಿ ಇಯೊಸಿನೊಫಿಲ್ ವಿಪರೀತ ಏರಿಕೆ, ನೋಡಲು ಅಸ್ತಮಾವೇ. ಆದರೆ ಅದಕ್ಕೆ ಬೇಕಿರುವುದು ಫೈಲೇರಿಯಾಕ್ಕೆ ಕೊಡುವ ಡಿಇಸಿ ಮಾತ್ರೆ. ಒಂದು ಸಾದಾ ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಣಿಕೆ ಸಿಗುತ್ತದೆ. ವರ್ಷಗಟ್ಟಲೆ ದಮ್ಮಿಗೆ ಔಷಧಿ ತಿಂದರೂ ಗುಣ ಕಾಣದವರು ಈ ಒಂದು ಪರೀಕ್ಷೆಯನ್ನಾದರೂ ವೈದ್ಯರ ಮುಂದೆ ಕೇಳಿ ಮಾಡಿಸಿಕೊಳ್ಳಬೇಕು.

ಎಲ್ಲ ಧೂಳಿನ ಮಾತೂ ಒಂದಲ್ಲ

ಇಷ್ಟು ಹೊತ್ತು ಹೇಳಿದ್ದು ಅಲರ್ಜಿಯ ಹಾದಿ. ಹತ್ತಿಯ ಜಿನ್ನಿಂಗ್ ಮಿಲ್ಲು, ನೂಲಿನ ಗಿರಣಿಗಳ ಧೂಳು ಬೇರೆ ಹಾದಿ ಹಿಡಿಯುತ್ತದೆ. ಹತ್ತಿಕಾಯಿಯ ಸುತ್ತಲಿನ ಒಣ ಎಲೆಚೂರುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾದ ಹೊರಕವಚದಲ್ಲಿ ಎಂಡೊಟಾಕ್ಸಿನ್ ಎಂಬ ವಸ್ತುವಿದೆ. ಶ್ವಾಸಕೋಶದಲ್ಲಿ ಸದಾ ಇರುವ ಮ್ಯಾಕ್ರೊಫೇಜ್ ಕೋಶಗಳು ಟಿಎಲ್‌ಆರ್4 ಎಂಬ ಗ್ರಾಹಕದಿಂದ ಅದನ್ನು ಗುರುತಿಸುತ್ತವೆ. ಈ ಗ್ರಾಹಕದ ಪತ್ತೆಗಾಗಿ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಗುರುತಿಸಿದ ಮ್ಯಾಕ್ರೊಫೇಜ್ ಐಎಲ್-8, ಟಿಎನ್‌ಎಫ್ ಎಂಬ ಪ್ರೋಟೀನುಗಳನ್ನು ಸ್ರವಿಸುತ್ತದೆ. ಇವು ಕರೆಯುವುದು ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ನ್ಯೂಟ್ರೊಫಿಲ್‌ಗಳನ್ನು. ಇಲ್ಲಿ ಐಜಿಇ ಬೇಕಿಲ್ಲ, ಅಲರ್ಜಿಯ ಮೈಯೂ ಬೇಕಿಲ್ಲ. ಧೂಳು ಸಾಕಷ್ಟಿದ್ದರೆ ಯಾರಿಗಾದರೂ ಬರಬಹುದು. ಬಿಸಿನೋಸಿಸ್ ಎಂಬ ಈ ರೋಗದಲ್ಲಿ ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಮುಂದಿನ ದಿನಗಳಲ್ಲಿ ಸಡಿಲಾಗುತ್ತದೆ. ವರ್ಷಗಳು ಕಳೆದಂತೆ ಸಡಿಲಾಗುವುದು ನಿಲ್ಲುತ್ತದೆ. ನೂಲಿನ ಗಿರಣಿಗಳಲ್ಲಿ ಇದು ಹೆಚ್ಚು, ಜಿನ್ನಿಂಗಿನಲ್ಲಿ ಕಡಿಮೆ. ಆದರೂ ಜಿನ್ನಿಂಗ್ ಕೆಲಸಗಾರರ ಕೆಮ್ಮು, ಕಫ ಸುಳ್ಳಲ್ಲ. ಕಾರ್ಖಾನೆ ಕಾಯ್ದೆಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಬಿಸಿನೋಸಿಸ್ ಇತ್ತು. ವರದಿಯಾಗಬೇಕಾದರೆ ಮೊದಲು ಯಾರಾದರೂ ಕೆಲಸಗಾರನ ಎದೆಗೆ ಸ್ಟೆತಾಸ್ಕೋಪ್ ಇಡಬೇಕು, ‘ರಜೆಯ ಮರುದಿನ ಹೆಚ್ಚಾಗುತ್ತದಾ’ ಎಂದು ಕೇಳಬೇಕು.

ಅಡುಗೆಮನೆಯ ಹೊಗೆಯೂ ಈ ಎರಡನೇ ಹಾದಿಯದೇ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ ದಶಕಗಳನ್ನು ಕಳೆದ ಹೆಂಗಸರಿಗೆ, ಒಂದು ಬೀಡಿಯನ್ನೂ ಸೇದದೆ, ಬೀಡಿ ಸೇದುವವರ ಶ್ವಾಸಕೋಶ ಬರುತ್ತದೆ. ಹೊಗೆ ದಮ್ಮಿಗೆ ಕೊಡುವ ಸ್ಟೀರಾಯ್ಡ್ ಔಷಧಿಯ ಕೆಲಸವನ್ನೂ ಕೆಡಿಸುತ್ತದೆ. ಸ್ಟೀರಾಯ್ಡ್ ಉರಿಯೂತದ ಜೀನುಗಳನ್ನು ಮುಚ್ಚಲು ಬಳಸುವ ಎಚ್‌ಡಿಎಸಿ2 ಎಂಬ ಕಿಣ್ವ ಧೂಮಪಾನಿಗಳಲ್ಲಿ ಕುಗ್ಗಿರುವುದು ಕಂಡುಬಂದಿದೆ. ಅಂದರೆ ಹೊಗೆ ನಿಲ್ಲದೆ ಸ್ಟೀರಾಯ್ಡ್ ಪಂಪ್ ಪೂರ್ತಿ ಫಲ ಕೊಡುವುದಿಲ್ಲ. ಉಜ್ವಲಾ ಯೋಜನೆ 2016ರಲ್ಲಿ ಶುರುವಾಗಿ ಸಿಲಿಂಡರ್ ಹಳ್ಳಿ ಮನೆಗಳಿಗೆ ಬಂದಿದೆ, ನಿಜ. ಮರುಭರ್ತಿಯ ಹಣ ಇಲ್ಲದ ಮನೆಯಲ್ಲಿ ಸಿಲಿಂಡರ್ ಮೂಲೆಯಲ್ಲಿರುತ್ತದೆ, ಒಲೆ ಉರಿಯುತ್ತದೆ. ಸಿಲಿಂಡರ್ ಕೊಟ್ಟಷ್ಟೇ ಮುಖ್ಯ ಅದು ತಿಂಗಳು ತಿಂಗಳೂ ತುಂಬುವಂತೆ ನೋಡಿಕೊಳ್ಳುವುದು.

ಮೂರನೆಯದು ಕಲ್ಲಿನ ಧೂಳು. ಪಾಲಮೂರಿನ, ಅಂದರೆ ಮಹಬೂಬನಗರ ಸೀಮೆಯ, ಕೂಲಿಗಳು ದೇಶದ ಅಣೆಕಟ್ಟು, ಕಾಲುವೆ, ಕಟ್ಟಡ ಕೆಲಸಗಳಿಗೆ ಗುಳೆ ಹೋಗುವುದು ಇಂದು ನಿನ್ನೆಯದಲ್ಲ. ಕಲ್ಲು ಕೊರೆಯುವಾಗ, ಒಡೆಯುವಾಗ ಏಳುವ ಸಿಲಿಕಾ ಕಣವನ್ನು ನುಂಗಿದ ಮ್ಯಾಕ್ರೊಫೇಜ್ ಅದನ್ನು ಅರಗಿಸಲಾರದೆ ಒಳಗೇ ಹರಿದು ಐಎಲ್-1 ಬೀಟಾ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಈ ಉರಿಯೂತ ನಾಳಕ್ಕಿಂತ ಆಳದಲ್ಲಿ, ಗಾಳಿಚೀಲಗಳ ಮಟ್ಟದಲ್ಲಿ ನಡೆದು ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ. ಸಿಲಿಕೋಸಿಸ್‌ಗೆ ಮರಳಿ ಬರುವ ದಾರಿಯಿಲ್ಲ, ತಡೆಯೊಂದೇ ದಾರಿ. ಕಲ್ಲಿನ ಕೆಲಸ ಮಾಡಿ ಊರಿಗೆ ಮರಳಿದವರ ಉಬ್ಬಸವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು.

ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಬರುವ ಕೆಮ್ಮು ಮಾತ್ರ ಈ ಯಾವುದೂ ಅಲ್ಲ. ಅದು ನರದ ತಕ್ಷಣದ ಪ್ರತಿಕ್ರಿಯೆ. ಘಾಟು ಹೋದರೆ ಕೆಮ್ಮೂ ಹೋಯಿತು. ಉರಿಯೂತ ಇರುವ ನಾಳಕ್ಕೆ ಅಷ್ಟೇ ಘಾಟು ದೊಡ್ಡ ಪೆಟ್ಟಾಗುತ್ತದೆ ಎನ್ನುವುದಷ್ಟೇ ವ್ಯತ್ಯಾಸ.

ಮಕ್ಕಳ ಎದೆ

ಹಾಗಾದರೆ ಮಕ್ಕಳನ್ನು ದನದ ಕೊಟ್ಟಿಗೆಯಿಂದ, ಮಣ್ಣಿನಿಂದ ದೂರ ಇಡಬೇಕೆ? ಇಲ್ಲಿ ವಿಜ್ಞಾನದ ಉತ್ತರ ನಮ್ಮ ಹಳ್ಳಿಗಳಿಗೆ ಸಮಾಧಾನ ಕೊಡುವಂಥದ್ದು. ಅಮೆರಿಕದಲ್ಲಿ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಮೂಲವೂ ಜೀವನರೀತಿಯೂ ಬಹುಮಟ್ಟಿಗೆ ಒಂದೇ. ಆಮಿಷ್ ಕುಟುಂಬಗಳು ಮನೆಯ ಪಕ್ಕವೇ ದನಕರು, ಕುದುರೆ ಕಟ್ಟಿ ಹಳೆಯ ಪದ್ಧತಿಯಲ್ಲಿ ಬೇಸಾಯ ಮಾಡುತ್ತವೆ. ಹಟರೈಟರ ಬೇಸಾಯ ಮನೆಯಿಂದ ದೂರ, ಯಂತ್ರಗಳದು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಷ್ ಮಕ್ಕಳಲ್ಲಿ ಅಸ್ತಮಾ ಸುಮಾರು ಶೇ 5, ಹಟರೈಟ್ ಮಕ್ಕಳಲ್ಲಿ ಸುಮಾರು ಶೇ 21. ಆಮಿಷ್ ಮನೆಗಳ ಧೂಳಿನಲ್ಲಿ ಎಂಡೊಟಾಕ್ಸಿನ್ ಆರು ಪಟ್ಟಿಗೂ ಹೆಚ್ಚಿತ್ತು. ಕೂಸಿದ್ದಾಗಿನಿಂದ ದಿನವೂ ಸ್ವಲ್ಪ ಸ್ವಲ್ಪ ಎಂಡೊಟಾಕ್ಸಿನ್ ಕಂಡ ಗಾಳಿನಾಳ ಎ20 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಂಡು, ಸಣ್ಣದಕ್ಕೆಲ್ಲ ಸೈಟೊಕೈನ್ ಹೊರಡಿಸದಂತೆ ಪಳಗುತ್ತದೆ ಎಂಬುದು ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಸಿಕ್ಕ ವಿವರಣೆ.

ಇತ್ತ ಬೆಂಗಳೂರಿನ ಮಕ್ಕಳಲ್ಲಿ ಡಾ. ಎಚ್. ಪರಮೇಶ್ ಅವರು ಎರಡು ದಶಕ ನಡೆಸಿದ ಅಧ್ಯಯನದಲ್ಲಿ ಅಸ್ತಮಾ 1979ರ ಶೇ 9ರಿಂದ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಊರು ಬೆಳೆದಂತೆ, ವಾಹನದ ಹೊಗೆ ಹೆಚ್ಚಿದಂತೆ ಮಕ್ಕಳ ಉಸಿರು ಬಿಗಿಯಿತು. ಆದ್ದರಿಂದ ಹಳ್ಳಿಯ ಮಗು ದನಕರುವಿನ ನಡುವೆ ಬೆಳೆಯಲಿ. ಅಡುಗೆಯ ಹೊಗೆ, ಬೀಡಿಯ ಹೊಗೆ, ಕೀಟನಾಶಕದ ತುಂತುರುಗಳಿಂದ ದೂರ ಇರಲಿ. ಗದ್ವಾಲ ಸುತ್ತಲಿನ ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಮಕ್ಕಳನ್ನು ಇಳಿಸುವುದು ಅವರ ಶಾಲೆಗೆ ಎಷ್ಟು ಕೇಡೋ ಅವರ ಎದೆಗೂ ಅಷ್ಟೇ ಕೇಡು.

ಸದ್ದಡಗಿಸುವ ಔಷಧಿ ಯಾವುದು?

ಈಗ ಪಂಪಿನ ಮಾತಿಗೆ ಬರೋಣ. ದಮ್ಮಿನ ರೋಗಿಯ ಕೈಗೆ ಸಾಮಾನ್ಯವಾಗಿ ಸಿಗುವುದು ಸಾಲ್ಬುಟಮಾಲ್. ಅದು ಸೆಟೆದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕಾರು ಗಂಟೆ ಉಸಿರು ಸಲೀಸಾಗುತ್ತದೆ. ಆದರೆ ಐಎಲ್-5, ಐಎಲ್-13ರ ಸ್ರಾವಕ್ಕೆ ಅದು ಯಾವ ತಡೆಯನ್ನೂ ಒಡ್ಡುವುದಿಲ್ಲ. ರೋಗಿಗೆ ಗುಣವಾಯಿತು ಅನಿಸುತ್ತದೆ, ಒಳಗೆ ಉರಿಯೂತ ತನ್ನ ಪಾಡಿಗೆ ಸಾಗುತ್ತದೆ. ಅಸ್ತಮಾ ಚಿಕಿತ್ಸೆಗೆ ಜಗತ್ತಿಗೆ ಮಾರ್ಗಸೂಚಿ ಕೊಡುವ ಜೀನಾ ಸಂಸ್ಥೆ 2019ರಲ್ಲಿ, ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡ ಚಿಕಿತ್ಸೆ ಸುರಕ್ಷಿತವಲ್ಲ, ಅದರೊಂದಿಗೆ ಸ್ಟೀರಾಯ್ಡ್ ಇರಲೇಬೇಕು ಎಂದು ಹೇಳಿತು.

ಬುಡೆಸೊನೈಡ್, ಬೆಕ್ಲೊಮೆಥಾಸೋನ್‌ನಂಥ ಸ್ಟೀರಾಯ್ಡ್ ಪಂಪುಗಳ ಕೆಲಸ ಬೇರೆ. ಅವು ಕೋಶದೊಳಗೆ ಹೋಗಿ ಎನ್‌ಎಫ್-ಕಪ್ಪಾ ಬಿಯನ್ನು ತಡೆದು, ಸೈಟೊಕೈನ್‌ಗಳನ್ನು ತಯಾರಿಸುವ ಜೀನುಗಳನ್ನೇ ಮುಚ್ಚುತ್ತವೆ. ಇದಕ್ಕೆ ದಿನಗಳು, ವಾರಗಳು ಹಿಡಿಯುತ್ತವೆ. ಸೇದಿದ ಕೂಡಲೇ ಏನೂ ಅನಿಸುವುದಿಲ್ಲ. ಅದಕ್ಕಾಗಿಯೇ ರೋಗಿಗಳು ‘ಇದು ನನಗೆ ಹತ್ತಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರುವವರು ಒಂದು ಲೆಕ್ಕ ನೋಡಬೇಕು. ದಮ್ಮು ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ. ಪಂಪಿನಲ್ಲಿ ಹೋಗುವ ಬುಡೆಸೊನೈಡ್ ಸಾಮಾನ್ಯವಾಗಿ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ತೂಕದಲ್ಲಿ ಹೆಚ್ಚೆಂದರೆ ನೂರರಲ್ಲೊಂದು ಪಾಲು, ಅದೂ ನೇರ ನಾಳಕ್ಕೆ. ಸಕ್ಕರೆ ಕಾಯಿಲೆ, ಮೂಳೆ ಸವೆತ ತರುವ ಭಯವಿರುವುದು ಹೇಳದೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನು, ಮಾತ್ರೆಗಳ ಪದೇ ಪದೇ ಬಳಕೆಯಲ್ಲಿ. ಪಂಪ್ ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರುವುದೂ ಕಡಿಮೆಯಾಗುತ್ತದೆ.

ಒಂದೊಂದು ಪ್ರೋಟೀನನ್ನೇ ಗುರಿಯಿಟ್ಟು ಹಿಡಿಯುವ ಚುಚ್ಚುಮದ್ದುಗಳೂ ಬಂದಿವೆ. ಐಜಿಇ ವಿರುದ್ಧದ ಒಮಾಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಐಎಲ್-5 ವಿರುದ್ಧದ ಮೆಪೊಲಿಜುಮ್ಯಾಬ್‌ಗೆ 2015ರಲ್ಲಿ. ಐಎಲ್-4, ಐಎಲ್-13 ಎರಡರ ಗ್ರಾಹಕವನ್ನೂ ಮುಚ್ಚುವ ಡುಪಿಲುಮ್ಯಾಬ್‌ಗೆ ಅಸ್ತಮಾದಲ್ಲಿ 2018ರಲ್ಲಿ. ಟಿಎಸ್‌ಎಲ್‌ಪಿ ವಿರುದ್ಧದ ಟೆಜೆಪೆಲುಮ್ಯಾಬ್‌ಗೆ 2021ರಲ್ಲಿ. ಸ್ರಾವ ಪ್ರೋಟೀನುಗಳ ಬಗೆಗಿನ ತಿಳಿವಳಿಕೆ ನಿಜವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ: ಒಂದನ್ನು ತಡೆದರೆ ತೀವ್ರ ಅಸ್ತಮಾದವರ ಆಸ್ಪತ್ರೆವಾಸ ಇಳಿಯುತ್ತದೆ. ಆದರೆ ಇವುಗಳ ಬೆಲೆ ಕೂಲಿಯ ಮನೆಗೆ ಎಟಕುವುದಲ್ಲ, ಎಲ್ಲರಿಗೂ ಬೇಕೂ ಇಲ್ಲ. ಹೆಚ್ಚಿನ ರೋಗಿಗಳಲ್ಲಿ ಅದೇ ಪ್ರೋಟೀನುಗಳನ್ನು ಸಾಮಾನ್ಯ ಸ್ಟೀರಾಯ್ಡ್ ಪಂಪ್ ಸಾಕಷ್ಟು ತಗ್ಗಿಸುತ್ತದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಶೇ 13ರಷ್ಟೆಂದೂ, ಅಸ್ತಮಾ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚೆಂದೂ ಜಾಗತಿಕ ಅಂದಾಜುಗಳು ಹೇಳುತ್ತವೆ. ಈ ಅಂತರಕ್ಕೆ ಒಂದು ದೊಡ್ಡ ಕಾರಣ, ಹಳೆಯ, ಅಗ್ಗದ ಈ ಔಷಧಿ ಬೇಕಾದವರ ಕೈ ಸೇರದಿರುವುದು.

ಮೃಗಶಿರ ಮಳೆ ಹುಟ್ಟುವ ಜೂನ್ ಮೊದಲ ದಿನಗಳಲ್ಲಿ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ದಮ್ಮಿಗೆಂದು ಕೊಡುವ ಮೀನಿನ ಪ್ರಸಾದಕ್ಕೆ ದೂರದೂರದಿಂದ ಸಾವಿರಾರು ಜನ ಹೋಗುತ್ತಾರೆ. ಹಣ ಕೇಳದೆ ತಲೆತಲಾಂತರದಿಂದ ಕೊಟ್ಟುಕೊಂಡು ಬಂದವರ ಸೇವಾಭಾವಕ್ಕೂ, ನಂಬಿ ಸರದಿಯಲ್ಲಿ ನಿಲ್ಲುವವರ ಸಂಕಟಕ್ಕೂ ಗೌರವವಿದೆ. ಆದರೆ ಹೇಳಲೇಬೇಕಾದ ಮಾತೊಂದಿದೆ. ಅಸ್ತಮಾ ತಾನಾಗಿ ಏರಿ ತಾನಾಗಿ ಇಳಿಯುವ ರೋಗ. ಏರಿದಾಗ ಔಷಧಿಗೆ ಹೋದವರಿಗೆ ಇಳಿದಾಗ ಅದು ಔಷಧಿಯ ಫಲವೆಂದು ಕಾಣುವುದು ಸಹಜ. ಆ ಮೀನಿನ ಔಷಧಿ ಗಾಳಿನಾಳದ ಉರಿಯೂತವನ್ನು ತಗ್ಗಿಸುತ್ತದೆಂದು ತೋರಿಸುವ ಪರೀಕ್ಷೆ ಇಲ್ಲ. ಹೋಗುವವರು ಹೋಗಲಿ, ಆ ನಂಬಿಕೆಯಲ್ಲಿ ದಿನದ ಪಂಪನ್ನು ಮಾತ್ರ ನಿಲ್ಲಿಸಬಾರದು. ಮಳೆಗಾಲದ ನೆಗಡಿಯ ವೈರಸ್ಸುಗಳು ಗಾಳಿನಾಳದಿಂದ ಐಎಲ್-33, ಟಿಎಸ್‌ಎಲ್‌ಪಿ ಹೊರಡಿಸುವ ಕಾಲವೇ ಅದು.

ಏನಾಗಬೇಕು

ಗದ್ವಾಲ, ನಾರಾಯಣಪೇಟೆ ಎರಡರಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ರಾಯಚೂರಿನಲ್ಲಿ ರಿಮ್ಸ್ 2007ರಿಂದ ಇದೆ. ಗಡಿಯ ಎರಡೂ ಬದಿ ವೈದ್ಯರನ್ನು ತಯಾರಿಸುವ ಸಂಸ್ಥೆಗಳಿರುವಾಗ ಹೊಲದ ಧೂಳು, ಮಿಲ್ಲಿನ ಧೂಳು, ಒಲೆಯ ಹೊಗೆ ಇಲ್ಲಿನ ಜನರ ಎದೆಯಲ್ಲಿ ಏನು ಮಾಡುತ್ತಿವೆ ಎಂಬುದನ್ನು ಇಲ್ಲಿಯೇ ಅಳೆಯಬೇಕು. ಸ್ಪೈರೋಮೀಟರ್ ಊದಿಸುವುದು, ಇಯೊಸಿನೊಫಿಲ್ ಎಣಿಸುವುದು ದುಬಾರಿ ವಿಜ್ಞಾನವಲ್ಲ. ಯಾವ ರೋಗಿಯದು ಅಲರ್ಜಿಯ ಹಾದಿ, ಯಾರದು ಹೊಗೆಯ ಹಾದಿ, ಯಾರದು ಹುಳುವಿನದು ಎಂದು ಬೇರ್ಪಡಿಸಲು ಅಷ್ಟರಿಂದ ಶುರು ಮಾಡಬಹುದು.

ಎರಡನೆಯದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸ್ಟೀರಾಯ್ಡ್ ಪಂಪ್ ವರ್ಷದ ಹನ್ನೆರಡೂ ತಿಂಗಳು ಪುಕ್ಕಟೆ ಸಿಗಬೇಕು. ಬುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದರೆ ಸಾಲದು, ಕಪಾಟಿನಲ್ಲಿರಬೇಕು. ಅದನ್ನು ಹೇಗೆ ಸೇದಬೇಕು, ಯಾಕೆ ಬಿಡಬಾರದು ಎಂಬುದು ಕೃಷ್ಣ, ಮಾಗನೂರು, ಮಕ್ತಲ್‌ನ ಕೇಂದ್ರಗಳಲ್ಲಿ ತೆಲುಗಿನ ಜೊತೆ ಕನ್ನಡದಲ್ಲೂ ಅಚ್ಚಾಗಿ ಗೋಡೆಯ ಮೇಲಿರಬೇಕು. ಆಶಾ ಕಾರ್ಯಕರ್ತೆಯರಿಗೆ ಅದನ್ನು ಮನೆಯಲ್ಲೇ ತೋರಿಸಿಕೊಡುವ ತರಬೇತಿ ಬೇಕು.

ಮೂರನೆಯದು ನಮ್ಮ ಕೈಯಲ್ಲೇ ಇದೆ. ರಾಶಿ ಮಾಡುವಾಗ, ಹತ್ತಿ ತುಂಬುವಾಗ ಮೂಗು ಬಾಯಿ ಮುಚ್ಚುವ ಒಳ್ಳೆಯ ಮುಖಗವಸು; ಗಾಳಿಗೆ ಬೆನ್ನು ಮಾಡಿ ನಿಲ್ಲುವುದು; ಕೆಲಸ ಮುಗಿದೊಡನೆ ಸ್ನಾನ, ಬಟ್ಟೆ ಬದಲು, ಆಮೇಲೆ ಹಾಸಿಗೆ; ಕೌದಿಗಳನ್ನು ಕುದಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕುವುದು. ಇವು ಅಲಾರ್ಮಿನ್ ಹೊರಡುವ ಮೊದಲೇ ತಡೆಯುವ ಕ್ರಮಗಳು. ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ, ಅಥವಾ ದಮ್ಮು ರಾತ್ರಿ ನಿದ್ದೆಗೆಡಿಸುತ್ತಿದ್ದರೆ, ಒಳಗೆ ಉರಿಯೂತ ಹತೋಟಿಯಲ್ಲಿಲ್ಲ ಎಂದರ್ಥ. ವೈದ್ಯರ ಬಳಿ ಹೋಗಿ ದಿನವೂ ಸೇದುವ ಸ್ಟೀರಾಯ್ಡ್ ಪಂಪಿನ ಬಗ್ಗೆ ಕೇಳಿ. ಉಸಿರು ಸಲೀಸಾಗಿದ್ದ ದಿನವೂ ಅದನ್ನು ಸೇದಿ. ಸ್ನಾಯು ಸಡಿಲವಾದದ್ದು ನಮಗೆ ಕೂಡಲೇ ತಿಳಿಯುತ್ತದೆ, ಪ್ರೋಟೀನುಗಳ ಸ್ರಾವ ನಿಂತದ್ದು ತಿಳಿಯುವುದಿಲ್ಲ. ಮುಂದಿನ ಸುಗ್ಗಿಯ ರಾತ್ರಿಗಳಲ್ಲಿ ಮಲಗಿ ನಿದ್ರಿಸುವುದು ಆ ತಿಳಿಯದ ಕೆಲಸವನ್ನು ದಿನವೂ ಬಿಡದೆ ಮಾಡಿದವರಿಗೆ ಸಾಧ್ಯ.